ಇಪ್ಪತ್ತೊಂದರ ಕಾರು

ಸೀಟಿನ ಕವರು ಮಾರುವವಳಿಗೆ ಮನುಷ್ಯರ ಮೇಲೆ ಗೌರವ ಉಳಿಯುವುದು ಕಷ್ಟ. ಹೊರಗಿನಿಂದ ಥಳಥಳ ಹೊಳೆಯುವ ಕಾರಿನ ಸೀಟನ್ನು ಒಮ್ಮೆ ಎತ್ತಿ ನೋಡಿ. ಸೂರ್ಯಕಾಂತಿ ಬೀಜದ ಸಿಪ್ಪೆ, ಅಗಿದು ಅಂಟಿಸಿದ ಗಮ್ಮು, ಕತ್ತರಿಸಿ ಬಿಸಾಕಿದ ಉಗುರು, ಎಂದೋ ಯಾರೋ ಕಾರಿಕೊಂಡದ್ದು ಒಣಗಿ ಹಪ್ಪಳವಾಗಿರುವುದು, ಎಲ್ಲ ಅಲ್ಲೇ ಇರುತ್ತದೆ. ನಗರದಾಚೆಯ ಕಾರು ಬಜಾರಿನಲ್ಲಿ ಒಂದು ಕಬ್ಬಿಣದ ಕಂಟೇನರನ್ನೇ ಅಂಗಡಿ ಮಾಡಿಕೊಂಡು ವರ್ಷಗಟ್ಟಲೆ ನಾನು ಇದನ್ನೇ ನೋಡುತ್ತ ಬಂದಿದ್ದೇನೆ. ಕಾರು ಮಾರುವ ಮುನ್ನ ಜನ ಕಣ್ಣಿಗೆ ಬೀಳುವ ಜಾಗವನ್ನಷ್ಟೇ ತೊಳೆಸುತ್ತಾರೆ. ಉಳಿದದ್ದನ್ನು ಮುಚ್ಚಲು ನನ್ನ ಹತ್ತಿರ ಕವರು ಕೊಳ್ಳುತ್ತಾರೆ.

ಮೀಟರು ಹಿಂದಕ್ಕೆ ತಿರುಗಿಸುವವರನ್ನು ನಾನು ಕ್ಷಮಿಸಿಬಿಡುತ್ತೇನೆ, ಅವರದ್ದು ಹೊಟ್ಟೆಪಾಡಿನ ಸಣ್ಣ ಕಳ್ಳತನ. ನನಗೆ ಹೇಸಿಗೆ ಹುಟ್ಟಿಸುವವರು ಇಸವಿ ಹೇಳುವವರು. "ಯಾವ ವರ್ಷದ್ದಪ್ಪಾ ಇದು?" ಅಂದರೆ ಥಟ್ಟನೆ ಒಂದು ಇಸವಿ ಉದುರಿಸುತ್ತಾರೆ. ಅದು ಪೂರ್ತಿ ಸುಳ್ಳಲ್ಲ, ನಿಜವಂತೂ ಅಲ್ಲವೇ ಅಲ್ಲ. ಕಾರು ಕಾರ್ಖಾನೆಯಿಂದ ಹೊರಬಿದ್ದದ್ದು ಒಂದು ವರ್ಷ. ಮುಂದಿನ ವರ್ಷದ ಮಾಡೆಲನ್ನು ಕಾರ್ಖಾನೆಯವರು ಎಲೆ ಉದುರುವ ಹೊತ್ತಿಗೇ ಶುರು ಮಾಡುವುದರಿಂದ ಮಾಡೆಲ್ ಇನ್ನೊಂದು ವರ್ಷ. ಎಲ್ಲೆಲ್ಲೋ ಓಡಿ ಸವೆದು ಕೊನೆಗೆ ನಮ್ಮ ದೇಶಕ್ಕೆ ಬಂದು ನಂಬರ್ ಪ್ಲೇಟ್ ಹಾಕಿಸಿಕೊಂಡದ್ದು ಮತ್ತೊಂದು ವರ್ಷ. ಮೂರರಲ್ಲಿ ಯಾವುದು ತಮಗೆ ಅನುಕೂಲವೋ ಅದೇ ಅವರ ಬಾಯಲ್ಲಿ ಇರುತ್ತದೆ.

ಕಳೆದ ಅಕ್ಟೋಬರಿನ ಒಂದು ಭಾನುವಾರ ಇಂಥ ಇಸವಿಯೊಂದು ತೊಕ್ಮೋಕ್ ಊರಿನ ನಮ್ಮ ಮನೆಯಂಗಳಕ್ಕೇ ಬಂತು. ಬಿಳಿ ಬಣ್ಣದ ಕೊರಿಯಾ ಕಾರು, ಮೂತಿಗೆ ಕೆಂಪು ರಿಬ್ಬನ್ನು. ನನ್ನ ನಾದಿನಿ ಅಲ್ಮಾಷ್‌ಗೆ ಗೊತ್ತಾಗಿದ್ದ ಗಂಡು ಜಿರ್ಗಾಲ್‌ಬೆಕ್ ಅದನ್ನು ತಾನೇ ಓಡಿಸಿಕೊಂಡು ಬಂದ. ಪಕ್ಕದಲ್ಲಿ ಅವನ ಅಪ್ಪ ಒಮುರ್‌ಕುಲ್, ಹಿಂದೆ ಮುಲ್ಲಾ. ನಮ್ಮಲ್ಲಿ ಹೆಣ್ಣಿಗೆ ತೆರ ಕೊಡುವುದು ಗಂಡಿನ ಕಡೆಯವರು. ಕುದುರೆ, ಕುರಿ ಮೊದಲೇ ಬಂದಿದ್ದವು. ಈ ಕಾರು ನನ್ನ ಮಾವನಿಗೆ, ತೆರದ ಕೊನೆಯ ಕಂತು.

"ಇಪ್ಪತ್ತೊಂದರದು, ಬೀಗರೇ!" ಅಂತ ಒಮುರ್‌ಕುಲ್ ಇಳಿಯುತ್ತಿದ್ದ ಹಾಗೇ ಕೂಗಿದ. "ಇಡೀ ಬೀದೀಲಿ ಇಂಥ ಇನ್ನೊಂದು ಇದ್ರೆ ತೋರಿಸಿ!"

ಕೆಟ್ಟ ಕಣ್ಣು ಬೀಳದಿರಲೆಂದು ಅತ್ತೆ ಅರ್ಚಾ ಸೊಪ್ಪಿಗೆ ಬೆಂಕಿ ತಗುಲಿಸಿ ಕಾರಿಗೆ ಸುತ್ತಲೂ ಹೊಗೆ ಹಿಡಿದಳು. ಕುರಿ ಕೊಯ್ದರು. ಮಾವ ಬೆರಳದ್ದಿ ನಾಲ್ಕು ಟೈರಿಗೂ ರಕ್ತ ಸವರಿದ. ನೆರೆಯವರು ಬಂದು, ಹೊಸ ಮದುಮಗಳ ಮುಖ ನೋಡಿದಾಗ ಕೊಡುವ ಹಾಗೆ, ಕಾರಿನ ಮುಖ ನೋಡಿ ಕಾಣಿಕೆ ಇಟ್ಟರು. "ಇಪ್ಪತ್ತೊಂದಂತೆ", "ಇಪ್ಪತ್ತೊಂದಾ!" ಅಂತ ಬಾಯಿಂದ ಬಾಯಿಗೆ ಹೋಯಿತು. ಸಂತೆಯಲ್ಲಿ ಕುದುರೆ ಕೊಳ್ಳುವಾಗ ಬಾಯಿ ಬಿಡಿಸಿ, ಹಲ್ಲು ಎಣಿಸಿ, ನಾಲಗೆ ಪಕ್ಕಕ್ಕೆ ಸರಿಸಿ ನೋಡುವ ಮನುಷ್ಯ ನನ್ನ ಮಾವ ಸಗಿಂಬಾಯ್. ಈ ಕಾರಿನ ಬಾನೆಟ್ಟನ್ನೂ ಎತ್ತಲಿಲ್ಲ. ಬೀಗರು ತಂದದ್ದನ್ನು ಪರೀಕ್ಷೆ ಮಾಡಿದರೆ ಅವಮಾನ ಮಾಡಿದ ಹಾಗೆ. ಅಳಿಯ ನೂರು ವರ್ಷಕ್ಕೆ, ಬೀಗ ಸಾವಿರ ವರ್ಷಕ್ಕೆ ಅಂತ ನಮ್ಮವರ ಗಾದೆ. ಸಾವಿರ ವರ್ಷದ ನೆಂಟನ ಹತ್ತಿರ ಕಾರಿನ ಕಾಗದ ಕೇಳುವುದುಂಟೇ?

ನನಗೆ ಕಸಿವಿಸಿಯಾದದ್ದು ಮುಲ್ಲಾನನ್ನು ನೋಡಿ. ಮದುವೆಗೆ ಇನ್ನೂ ಎರಡು ವಾರವಿತ್ತು.

"ಹೇಗೂ ಎಲ್ರೂ ಸೇರಿದೀವಿ," ಅಂದ ಒಮುರ್‌ಕುಲ್. "ಇವತ್ತೇ ನಿಕಾ ಓದಿಸಿಬಿಡೋಣ. ಒಳ್ಳೇ ಕೆಲಸಕ್ಕೆ ತಡ ಯಾಕೆ?"

ಅಲ್ಮಾಷ್‌ಗೆ ಇಪ್ಪತ್ತೇಳು. ಊರಿನ ಆಸ್ಪತ್ರೆಯಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ನರ್ಸು. ಗಂಡು ಒಪ್ಪಿಗೆಯಾದಾಗ ಅವಳು ಇಟ್ಟದ್ದು ಒಂದೇ ಷರತ್ತು: ಮೊದಲು ರಿಜಿಸ್ಟರ್ ಆಫೀಸು, ಆಮೇಲೆ ನಿಕಾ. ಜಿರ್ಗಾಲ್‌ಬೆಕ್ ಆಗ "ಆಗಲಿ ಆಗಲಿ" ಅಂದಿದ್ದ. ಆಮೇಲೆ ಆಫೀಸಿಗೆ ಹೋಗೋಣ ಅಂದಾಗಲೆಲ್ಲ ಅವನಿಗೆ ಒಂದಲ್ಲ ಒಂದು ತೊಡಕು. ಮಾಸ್ಕೋದಲ್ಲಿ ಕೆಲಸ ಕಾಯ್ತಿದೆ, ಹೋಗಿ ಬಂದ ಮೇಲೆ, ಬೇಸಿಗೆಗೆ, ಹೀಗೆ. ಕಳ್ಳನಿಗೊಂದು ಪಿಳ್ಳೆ ನೆವ. ಅಲ್ಮಾಷ್ ನನ್ನ ಕಡೆ ನೋಡಿದಳು. ನಾನು ಮಾವನ ಕಡೆ ನೋಡಿದೆ. ಮಾವ ಕಾರಿನ ಕಡೆ ನೋಡುತ್ತಿದ್ದ.

ಗಂಡಸರು ಒಳಗೆ ಹೋಗಿ ಊಟಕ್ಕೆ ಹಾಸಿದ ದಸ್ತರಖಾನಿನ ಸುತ್ತ ವಯಸ್ಸಿನ ಪ್ರಕಾರ ಕೂತರು. ನಮ್ಮಲ್ಲಿ ಕುರಿಯ ಒಂದೊಂದು ಮೂಳೆಯೂ ಒಂದೊಂದು ವಯಸ್ಸಿಗೆ ಸಲ್ಲಬೇಕು. ನಾಲ್ಕು ತಿಂಗಳು ಹಿರಿಯನಾದವನಿಗೆ ತೊಡೆಮೂಳೆ ತಪ್ಪಿಹೋದರೆ ಹತ್ತು ವರ್ಷ ಮಾತು ಬಿಡುತ್ತಾನೆ. ಇಷ್ಟು ಲೆಕ್ಕ ಇಡುವ ಜನ, ಹೊರಗೆ ನಿಂತಿರುವುದರ ವಯಸ್ಸನ್ನು ಮಾತ್ರ ಯಾರೂ ಕೇಳಲಿಲ್ಲ.

ನನ್ನ ಗಂಡ ಲಾರಿ ತೆಗೆದುಕೊಂಡು ಸೈಬೀರಿಯಾ ಕಡೆ ಹೋಗಿದ್ದ. ಅವನ ಪರವಾಗಿ ಉಡುಗೊರೆಯೆಂದು ನಾನು ಅಂಗಡಿಯಿಂದ ಕಂದುಬಣ್ಣದ ಒಳ್ಳೆಯ ಕವರಿನ ಸೆಟ್ಟು ತಂದಿದ್ದೆ. ಮಾಂಸ ಬೇಯುವುದಕ್ಕೆ ಹೊತ್ತಿತ್ತು, ಅಷ್ಟರಲ್ಲಿ ಹಾಕಿಬಿಡೋಣ ಅಂತ ಕಾರಿನ ಬಾಗಿಲು ತೆರೆದೆ.

ಒಳಗೆ ಹೂವಿನ ಸೆಂಟು ಗಮ್ಮೆಂದು ಮೂಗಿಗೆ ಹೊಡೆಯಿತು. ಇಷ್ಟು ಸೆಂಟು ಹೊಡೆದಿದ್ದಾರೆಂದರೆ ಅಡಿಯಲ್ಲಿ ಏನೋ ಇದೆ ಅಂತಲೇ ಅರ್ಥ. ಮುಂದಿನ ಸೀಟಿನ ಬೆಲ್ಟನ್ನು ಪೂರ್ತಿ ಎಳೆದೆ. ಬುಡದಲ್ಲಿ ಹೊಲಿದಿರುವ ಬಟ್ಟೆಯ ಚೀಟಿಯಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಇದು ನನಗೆ ಅಭ್ಯಾಸವಾಗಿಹೋಗಿದೆ, ಮದುವೆಮನೆಯಲ್ಲಿ ಸೊಸೆಯ ಕೈಬಳೆ ನೋಡುವ ಹೆಂಗಸರ ಹಾಗೆ. ಚೀಟಿಯಲ್ಲಿ ಹದಿನೇಳು ಅಂತಿತ್ತು. ಕಿಟಕಿ ಗಾಜುಗಳ ಮೂಲೆಯ ಮುದ್ರೆಯೂ ಹದಿನೇಳನ್ನೇ ಹೇಳುತ್ತಿತ್ತು. ಬೆಲ್ಟು ಬದಲಾಯಿಸಿರಬಹುದು ಅನ್ನೋಣ, ನಾಲ್ಕು ಕಡೆಯ ಗಾಜನ್ನು ಯಾರು ಬದಲಾಯಿಸುತ್ತಾರೆ?

ಸರಿ, ಬಜಾರಿನ ಬುದ್ಧಿ, ಅಂದುಕೊಂಡೆ. ಬೀಗನಾದರೇನು, ಅವನೂ ಮೂರರಲ್ಲಿ ಒಂದು ಇಸವಿ ಆರಿಸಿಕೊಂಡಿದ್ದಾನೆ. ಹಿಂದಿನ ಸೀಟಿಗೆ ಹೋದೆ.

ಅಲ್ಲಿ ಬಲಗಡೆ ಎರಡು ಆಳವಾದ ಗುಳಿಗಳಿದ್ದವು. ಮಕ್ಕಳ ಸೀಟನ್ನು ಒಂದೇ ಜಾಗದಲ್ಲಿ ಬಹಳ ಕಾಲ ಬಿಗಿದಿಟ್ಟರೆ ಬೀಳುವ ಗುಳಿಗಳು. ನನಗದು ಚೆನ್ನಾಗಿ ಗೊತ್ತು, ಅದನ್ನು ಮುಚ್ಚಲಿಕ್ಕೇ ಎಷ್ಟೋ ಜನ ನನ್ನ ಹತ್ತಿರ ಬರುತ್ತಾರೆ. ಸೀಟಿನ ಸಂದಿಗೆ ಕೈ ಹಾಕಿದೆ. ಬಿಸ್ಕತ್ತಿನ ಪುಡಿ, ಜಿಗುಟು ಜಿಗುಟಾದ ಒಂದು ಕ್ಯಾಂಡಿ ಕಡ್ಡಿ, ಅದಕ್ಕೆ ಅಂಟಿಕೊಂಡ ಕೂದಲು. ಜೊತೆಗೆ ಒಂದು ಹಳದಿ ಹೇರ್‌ಕ್ಲಿಪ್ಪು, ನನ್ನ ಕಿರುಬೆರಳಿಗಿಂತ ಚಿಕ್ಕದು. ಕೂದಲು ಉದ್ದ, ತೆಳು, ಕಪ್ಪು.

ಎಷ್ಟೋ ಕಾರುಗಳಲ್ಲಿ ಎಷ್ಟೋ ಹೊಲಸು ಎತ್ತಿದ ಕೈ ಇದು. ಅಭ್ಯಾಸದಂತೆ ಆ ಗುಳಿಗಳ ಮೇಲೆ ಒಂದು ಕವರನ್ನೂ ಎಳೆದುಬಿಟ್ಟಿತು. ಕ್ಲಿಪ್ಪನ್ನು ಮಾತ್ರ ಬಿಸಾಕಲಾಗಲಿಲ್ಲ, ಜೇಬಿಗೆ ಹಾಕಿಕೊಂಡು ಇಳಿದೆ.

ಅಲ್ಮಾಷ್ ಹಿತ್ತಿಲಿನ ಕಾಲುವೆಯ ಹತ್ತಿರ ಕೂತು ಕುರಿಯ ಕರುಳು ತೊಳೆಯುತ್ತಿದ್ದಳು. ಕಿವಿಯಲ್ಲಿ ಆಗಸ್ಟಿನಲ್ಲಿ ಬೀಗಿತ್ತಿ ನಿಶ್ಚಯಕ್ಕೆಂದು ಇಟ್ಟುಹೋದ ಚಿನ್ನದ ಓಲೆ, ಕೈ ಮೊಣಕೈವರೆಗೂ ಗೊಬ್ಬರ. ನಾನು ಪಕ್ಕದಲ್ಲಿ ಕೂತು ಕರುಳಿನ ಇನ್ನೊಂದು ತುದಿ ಹಿಡಿದುಕೊಂಡು ಕಂಡದ್ದೆಲ್ಲ ಹೇಳಿದೆ. ಅವಳು ಕರುಳನ್ನು ಒಳಮೈ ಹೊರಗಾಗುವಂತೆ ಮಗುಚುತ್ತಲೇ ಇದ್ದಳು.

"ಅಕ್ಕತಂಗೀರ ಮಗು ಇರಬಹುದಲ್ವಾ ಅತ್ತಿಗೆ?"

"ಅವನಿಗೆ ಅಕ್ಕತಂಗೀರು ಎಲ್ಲಿದಾರೆ ಕಣೇ?"

"ಕಾರು ಬೇರೆಯವರ ಹತ್ರ ತಗೊಂಡಿರಬಹುದು."

"ಹೊಸದೇ ತಗೊಂಡೆ, ನಾನೇ ಮೊದಲನೇ ಯಜಮಾನ ಅಂತ ನಿಮ್ಮಪ್ಪನ ಮುಂದೆ ಎದೆ ತಟ್ಟಿಕೊಂಡಿಲ್ವಾ?"

ಅವಳು ಕರುಳನ್ನು ಬಕೆಟ್ಟಿಗೆ ಹಾಕಿದಳು. "ದಿನಾ ನೋಡ್ತೀನಿ ಅತ್ತಿಗೆ. ಲಸಿಕೆಗೆ ಬರ್ತಾರಲ್ಲ ತಾಯಂದಿರು, ಅಪ್ಪನ ಹೆಸರು ಅಂದ್ರೆ ನೆಲ ನೋಡ್ತಾರೆ. ಬರೀ ನಿಕಾ ಆಗಿತ್ತು ಸಿಸ್ಟರ್, ಅಂತಾರೆ. ರಷ್ಯಾದಲ್ಲಿದಾನೆ ಸಿಸ್ಟರ್, ಅಂತಾರೆ. ನಂಗೆ ಅದಾಗಬಾರದು ಅಂತಷ್ಟೇ ನಾನು ಕೇಳಿಕೊಂಡಿದ್ದು." ಕಾಲುವೆಯ ನೀರಲ್ಲಿ ಕೈ ತೊಳೆದು ಎದ್ದು ನನ್ನಿಂದ ಕ್ಲಿಪ್ಪು ಇಸಿದುಕೊಂಡಳು. "ಅವನನ್ನ ಹೊರಗೆ ಕರೀರಿ."

ಜಿರ್ಗಾಲ್‌ಬೆಕ್ ಹಲ್ಲುಕಡ್ಡಿ ಕಚ್ಚಿಕೊಂಡು ಹೊರಗೆ ಬಂದ. ನೋಡಲು ಲಕ್ಷಣವಾಗಿದ್ದಾನೆ, ಅದನ್ನು ಇಲ್ಲವೆನ್ನುವುದಿಲ್ಲ. ಮೇಲೆ ಥಳಕು, ಒಳಗೆ ಹುಳುಕು.

"ಈ ಕಾರು ಯಾವ ವರ್ಷದ್ದು?" ಅಂತ ಅಲ್ಮಾಷ್ ಕೇಳಿದಳು.

"ಇಪ್ಪತ್ತೊಂದು. ಎಷ್ಟು ಸಲ ಹೇಳ್ಬೇಕು?"

"ಬೆಲ್ಟಿನ ಚೀಟೀಲಿ ಹದಿನೇಳು ಅಂತಿದೆ."

ಅವನು ನನ್ನ ಕಡೆ ತಿರುಗಿ ನಕ್ಕ. "ಓಹೋ, ಇದು ಅಕ್ಕನ ಕೆಲಸ! ಅಕ್ಕಾ, ನೀವು ಬಜಾರಿನವರು, ನಿಮಗೆ ಗೊತ್ತಿಲ್ಲದ್ದೇನಿದೆ? ತಯಾರಾಗಿದ್ದು ಹದಿನೇಳರ ಅಕ್ಟೋಬರು. ಮಾಡೆಲ್ ಹದಿನೆಂಟು. ಮಾಸ್ಕೋದಲ್ಲಿ ನನ್ನ ಕೈಗೆ ಬಂದಿದ್ದು ಹದಿನೆಂಟರ ಫೆಬ್ರವರಿ ಇಪ್ಪತ್ತು. ನಮ್ಮ ದೇಶದ ಪ್ಲೇಟ್ ಬಿದ್ದಿದ್ದು ಇಪ್ಪತ್ತೊಂದರ ಮಾರ್ಚ್ ಒಂಬತ್ತು. ಇಲ್ಲಿಗೆ ಅದು ಹುಟ್ಟಿದ್ದು ಆವತ್ತೇ. ಅದಕ್ಕೆ ಮುಂಚೆ, ಆಮೇಲೂ, ಮಾಸ್ಕೋದಲ್ಲಿ ಎಷ್ಟು ಓಡ್ತು, ಯಾರನ್ನ ಕೂರಿಸಿಕೊಂಡಿತ್ತು, ಯಾರಿಗೆ ಬೇಕು ಅದೆಲ್ಲ?"

ಅಲ್ಮಾಷ್ ಅಂಗೈ ಬಿಚ್ಚಿದಳು. ಹಳದಿ ಕ್ಲಿಪ್ಪು.

"ಇವಳನ್ನ ಕೂರಿಸಿಕೊಂಡಿತ್ತಾ?"

ಅವನು ಕ್ಲಿಪ್ಪನ್ನು ನೋಡಿದ, ಆಮೇಲೆ ಗೇಟಿನ ಕಡೆ ನೋಡಿದ. "ಯಾವುದೋ ಮಗುದು. ಅಲ್ಲಿ ಟ್ಯಾಕ್ಸಿ ಓಡಿಸ್ತಿದ್ದೆ."

"ಟ್ಯಾಕ್ಸೀಲಿ ಕೂತ ಮಗು ಸೀಟಲ್ಲಿ ಅಷ್ಟು ಆಳಕ್ಕೆ ಗುಳಿ ಬೀಳಿಸಿ ಹೋಗತ್ತಾ ತಮ್ಮಾ?" ಅಂದೆ ನಾನು.

ಅವನು ಸಿಗರೇಟು ಹಚ್ಚಿದ. ನಾಚಿಕೆ ಪಡುತ್ತಾನೇನೋ, ತಡವರಿಸುತ್ತಾನೇನೋ ಅಂತ ಕಾದೆ. ನಾನು ಎಂಥ ದಡ್ಡಿ! ಅವನ ಮುಖದಲ್ಲಿದ್ದದ್ದು ಬೇಸರ, ಗಿರಾಕಿ ಜಾಸ್ತಿ ಪ್ರಶ್ನೆ ಕೇಳಿದಾಗ ಬಜಾರಿನವರ ಮುಖದಲ್ಲಿ ಕಾಣುತ್ತದಲ್ಲ, ಅದು.

"ಸರಿ. ಅಲ್ಲಿ ಒಬ್ಬಳು ಇದ್ಲು. ನಮ್ಮೋಳೇ, ದಕ್ಷಿಣದ ಕಡೆಯವಳು. ಆ ಊರಲ್ಲಿ ಗಂಡಸು ಒಬ್ಬನೇ ಇರೋಕಾಗತ್ತಾ? ಬಾಡಿಗೆ ಯಾರು ಹಂಚಿಕೊಳ್ತಾರೆ, ಅಡುಗೆ ಯಾರು ಮಾಡ್ತಾರೆ? ಒಬ್ಬ ಮುಲ್ಲಾನ್ನ ಕರೆಸಿ ನಿಕಾ ಓದಿಸಿದ್ವಿ, ಅಷ್ಟೇ. ರಿಜಿಸ್ಟರ್ ಗಿಜಿಸ್ಟರ್ ಏನೂ ಇಲ್ಲ. ನನ್ನ ಕಾಗದ ತೆಗೆದು ನೋಡು, ಕ್ಲೀನಾಗಿದೆ. ಕಾನೂನಿನ ಪ್ರಕಾರ ನಂಗೆ ಇದೇ ಮೊದಲನೇ ಮದುವೆ."

"ಮಗು?"

"ಅವಳ ಹೆಸರಲ್ಲೇ ಇದೆ. ನಂಗೇನೂ ತಗುಲಲ್ಲ."

ತಗುಲಲ್ಲವಂತೆ! ಮಗುವೇನು ಟ್ರಾಫಿಕ್ ದಂಡವೇ? ನನ್ನ ಕೈಯಲ್ಲಿ ಕವರಿನ ಕೊಕ್ಕೆ ಇತ್ತು, ಅವನ ಮೂತಿಗೆ ಎಸೆಯೋಣ ಅನ್ನಿಸಿತು. ಅಲ್ಮಾಷ್ ಮಾತ್ರ ಶಾಂತವಾಗಿ ಇನ್ನೊಂದು ಕೇಳಿದಳು.

"ನನ್ನನ್ನ ಯಾವಾಗ ರಿಜಿಸ್ಟರ್ ಮಾಡಿಸ್ತೀಯ?"

"ಮಾಸ್ಕೋಗೆ ಹೋಗಿ ಬಂದ್ಮೇಲೆ ಅಂತ ಹೇಳಿದೀನಲ್ಲ ಮಾರಾಯ್ತಿ."

ಅವಳು ತಲೆಯಾಡಿಸಿ ಒಳಗೆ ನಡೆದಳು. ಹಿಂದೆಯೇ ನಾನು ಹೋದೆ. ಅವನು ಸಿಗರೇಟು ಮುಗಿಸಿಯೇ ಬಂದ.

ಒಳಗೆ ತಟ್ಟೆಗಳಲ್ಲಿ ಮಾಂಸ ಬಂದಿತ್ತು. ಮುಲ್ಲಾನ ಮುಂದೆ ಕುರಿಯ ತಲೆ. ಒಮುರ್‌ಕುಲ್‌ನ ಗಡ್ಡದ ಮೇಲೆ ಕೊಬ್ಬು ಇಳಿಯುತ್ತಿತ್ತು. ಗಂಡಸರು ಕೂತ ಜಾಗದಲ್ಲಿ ಮದುಮಗಳು ಬಾಯಿ ತೆರೆಯುವ ಪದ್ಧತಿ ನಮ್ಮಲ್ಲಿಲ್ಲ. ಅಲ್ಮಾಷ್ ಬಾಗಿಲ ಹತ್ತಿರ ನಿಂತು, ಅಪ್ಪನಿಗೂ ಕೂತವರಿಗೆಲ್ಲರಿಗೂ ಕೇಳಲಿ ಅನ್ನುವ ಹಾಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಾರು ಹದಿನೇಳರದು. ಇವನಿಗೆ ಮಾಸ್ಕೋದಲ್ಲಿ ನಿಕಾ ಆದ ಹೆಂಡತಿ ಇದ್ದಾಳೆ. ಮಗಳಿದ್ದಾಳೆ.

ಮಾವನ ಕೈಯಲ್ಲಿದ್ದ ಚಾಕು ನಿಂತಿತು. ಮುಖ ಕೆಂಪಾಯಿತು. ಈಗ ಎದ್ದು ಬೀಗನ ಕೊರಳಪಟ್ಟಿ ಹಿಡಿಯುತ್ತಾನೆ ಅಂತ ನನಗೆ ಸಂತೋಷವೇ ಆಯಿತು.

"ಹದಿನೇಳಾ?" ಅಂದ ಮಾವ. "ಬೀಗರೇ, ಹದಿನೇಳರ ಕಾರಿಗೆ ಇಪ್ಪತ್ತೊಂದು ಅಂದ್ರಾ? ಇಡೀ ಬೀದಿಗೆ ಹೇಳಿಬಿಟ್ನಲ್ರೀ!"

"ಪ್ಲೇಟ್ ಬಿದ್ದಿದ್ದು ಇಪ್ಪತ್ತೊಂದೇ," ಅಂದ ಒಮುರ್‌ಕುಲ್, ಸ್ವಲ್ಪವೂ ಅಲುಗದೆ. "ಜಗಳ ಯಾಕೆ ಬೀಗರೇ? ನಮ್ಮ ಮಧ್ಯೆ ಅದೆಲ್ಲ ಬೇಡ. ವರ್ಷದ ವ್ಯತ್ಯಾಸಕ್ಕೆ ಒಂದು ಹೆಣ್ಣುಕುದುರೆ ಕಳಿಸ್ತೀನಿ. ಹಾಲು ಕರೀತಿರೋದು."

"ಮರಿ ಸಮೇತವಾ?"

"ಮರಿ ಸಮೇತ."

ಮಾವ ಚಾಕುವಿನ ತುದಿಯಿಂದ ಮೂಳೆಯ ಮೇಲಿನ ಮಾಂಸ ಕೆರೆಯುತ್ತ ಯೋಚಿಸಿದ. ಆಮೇಲೆ, ಮಗಳ ಕಡೆ ನೋಡದೆ, ದನಿ ತಗ್ಗಿಸಿ, "ಮತ್ತೆ ಆ... ಇನ್ನೊಂದು ವಿಷಯಕ್ಕೆ?" ಅಂದ.

"ಅದಕ್ಕೆ ಬೇರೆ ಒಂದು ಕೊಡೋಣ," ಅಂದ ಒಮುರ್‌ಕುಲ್. "ಎರಡು ವರ್ಷದ ಹೋರಿ. ಆಯ್ತಲ್ಲ?"

ಕಾಲುವೆಯಲ್ಲಿ ಕರುಳು ತೊಳೆದು ಬಂದವಳು ನಾನು. ಅಲ್ಲಿ ನನಗೆ ಓಕರಿಕೆ ಬಂದಿರಲಿಲ್ಲ, ಇಲ್ಲಿ ಬಂತು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಮಾವನ ಎದುರು ನಾನು ದನಿ ಎತ್ತಿದವಳಲ್ಲ, ಅವನ ಹೆಸರನ್ನು ಅವನಿಗೆ ಕೇಳುವಂತೆ ಹೇಳಿದವಳೂ ಅಲ್ಲ. ಆವತ್ತು ತಡೆಯಲಾಗಲಿಲ್ಲ.

"ಥೂ!" ಅಂದೆ. "ಮಾವ, ನೀವು ಮಗಳನ್ನ ಕೊಡ್ತಿದೀರೋ, ಸಂತೇಲಿ ಚೌಕಾಸಿ ಮಾಡ್ತಿದೀರೋ?"

"ಏ ಬುರುಲ್! ಕರುಳು ತೊಳೆದು ಮುಗೀತಾ ನಿಂದು? ಹೋಗು ಒಳಗೆ!" ಅಂತ ಮಾವ ನನಗೆ ಗದರಿದ.

ಅತ್ತೆ ನನ್ನ ತೋಳು ಹಿಡಿದು ಎಳೆದಳು. ಬಿಳಿ ರುಮಾಲಿನ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತ, ಮಗಳಿಗೂ ನನಗೂ ಸೇರಿಸಿ ಪಿಸುಗುಟ್ಟಿದಳು. "ಸುಮ್ನಿರ್ರೇ. ಓಲೆ ಇಟ್ಟಾಗಿದೆ. ಊರಿಗೆಲ್ಲ ಮಾಂಸ ಹಂಚಾಗಿದೆ. ವಾಪಸ್ಸು ಕೊಟ್ರೆ ಇನ್ಯಾರು ಬರ್ತಾರೆ ಇವಳನ್ನ ಕೇಳಿಕೊಂಡು? ಯಾವ ಗಂಡಸಿಗೆ ಹಿಂದೊಂದು ಮುಂದೊಂದು ಇಲ್ಲ ಹೇಳು? ಅವಳು ಅಲ್ಲೆಲ್ಲೋ ದೂರದಲ್ಲಿದಾಳೆ. ಇಲ್ಲಿ ಯಾರಿಗೆ ಕಾಣತ್ತೆ?"

ಕಾಣದಿದ್ದರೆ ಇಲ್ಲ. ನನ್ನ ಗಿರಾಕಿಗಳೂ ಅದನ್ನೇ ಹೇಳುವುದು. ನನಗೆ ಅತ್ತೆಯ ಮೇಲೆ ಕನಿಕರ ಬರಬೇಕಿತ್ತೇನೋ, ಬರಲಿಲ್ಲ. ಹೆತ್ತ ಮಗಳನ್ನು ಇನ್ನೊಬ್ಬಳು ಬಿದ್ದ ಬಾವಿಗೇ ತಳ್ಳುತ್ತ, ಬಾವಿ ದೂರದಲ್ಲಿದೆಯಲ್ಲ ಅನ್ನುತ್ತಿದ್ದಳು.

ಅಷ್ಟು ಹೊತ್ತೂ ಕುರಿಯ ತಲೆಗೆ ಕೈ ಹಚ್ಚದೆ ಕೂತಿದ್ದ ಮುಲ್ಲಾ ಕೆಮ್ಮಿದ. ಸಣಕಲು ಮುದುಕ, ಬಂದಾಗಿನಿಂದ ಎರಡು ಮಾತಾಡಿರಲಿಲ್ಲ. "ನೀವಿಬ್ಬರೂ ಒಪ್ಪಿಕೊಂಡ್ರಿ, ಸರಿ. ಆದ್ರೆ ನಿಕಾ ನಿಮಗಲ್ಲವಲ್ಲ. ಹುಡುಗಿ ಏನಂತಾಳೆ? ನಾನು ಕೇಳಬೇಕಾಗಿರೋದು ಅವಳನ್ನ."

"ಅವಳೇನಂತಾಳೆ? ಹೂಂ ಅಂತಾಳೆ!" ಒಮುರ್‌ಕುಲ್ ನಕ್ಕ. "ಕೇಳಮ್ಮಾ, ಅದೇನು ಕೇಳ್ಬೇಕೋ ಇವನನ್ನ ಕೇಳಿಬಿಡು. ಮನಸ್ಸಲ್ಲಿ ಇಟ್ಟುಕೋಬೇಡ."

ಅಲ್ಮಾಷ್ ಬಾಗಿಲಿನಿಂದ ಎರಡು ಹೆಜ್ಜೆ ಮುಂದೆ ಬಂದಳು. ಜಿರ್ಗಾಲ್‌ಬೆಕ್ ಅಷ್ಟರಲ್ಲಿ ತನ್ನ ಜಾಗದಲ್ಲಿ ಕೂತು ತನ್ನ ವಯಸ್ಸಿಗೆ ಸಲ್ಲುವ ಮೂಳೆಯನ್ನು ಕೈಗೆತ್ತಿಕೊಂಡಿದ್ದ.

"ನಿನ್ನ ಮಗಳು ಹುಟ್ಟಿದ್ದು ಯಾವತ್ತು?"

"ನಾಲ್ಕು ವರ್ಷ ಅವಳಿಗೆ."

"ವಯಸ್ಸಲ್ಲ. ಹುಟ್ಟಿದ ದಿನ."

ಅವನು ಮೂಳೆ ಕೆಳಗಿಟ್ಟ. "ಚಳಿಗಾಲ. ಹಿಮ ಇತ್ತು. ಹದಿನೆಂಟು... ಹತ್ತ... ಅಲ್ಲ, ಹದಿನೆಂಟೇ ಇರಬೇಕು."

"ತಿಂಗಳು?"

ಅವನು ಬೆರಳು ಮಡಿಸುತ್ತ ಲೆಕ್ಕ ಹಾಕಿದ, ಮತ್ತೆ ಬಿಚ್ಚಿದ. ಕಾರು ಕಾರ್ಖಾನೆಯಿಂದ ಹೊರಬಿದ್ದ ತಿಂಗಳು, ಅವನ ಕೈಗೆ ಬಂದ ತಾರೀಖು, ಪ್ಲೇಟ್ ಬಿದ್ದ ತಾರೀಖು ಎಲ್ಲವನ್ನೂ ಈಗ ತಾನೇ ಅಂಗಳದಲ್ಲಿ ಗಿಳಿಪಾಠ ಒಪ್ಪಿಸಿದ ನಾಲಗೆ ಅದು. ಅವನ ಕಿವಿ ಕೆಂಪಾದದ್ದನ್ನು ಆವತ್ತು ಮೊದಲ ಸಲ ನೋಡಿದೆ. ಅದೂ ನಾಚಿಕೆಯಿಂದಲ್ಲ, ನಾಲ್ಕು ಜನರ ಮುಂದೆ ಸೋತನಲ್ಲ ಅಂತ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಹಾಗೆ ಅವನ ಅಪ್ಪ ಮಧ್ಯೆ ಬಂದ. "ಇದೂ ಒಂದು ಪ್ರಶ್ನೆಯೇನಮ್ಮಾ? ನಂಗೆ ಏಳು ಗಂಡುಮಕ್ಕಳು, ಒಂದರದ್ದೂ ನೆನಪಿಲ್ಲ. ಲೋ, ಫೋನ್ ಹಚ್ಚಿ ಕೇಳೋ. ಕೇಳಿ ಇವಳಿಗೆ ಹೇಳು, ಮುಗೀಲಿ. ಮಾಂಸ ಆರಿಹೋಗ್ತಿದೆ."

"ಈಗ ಬೇಡಪ್ಪ," ಅಂದ ಜಿರ್ಗಾಲ್‌ಬೆಕ್.

"ಹಚ್ಚೋ ಅಂದ್ರೆ! ತಾರೀಖು ತಾನೆ ಕೇಳ್ತಿರೋದು, ಇನ್ನೇನು ಪ್ರಾಣಾನಾ?"

ಅವನು ಎಣ್ಣೆಗೈಯನ್ನು ಒರೆಸಿಕೊಂಡು ಫೋನು ತೆಗೆದ. ನಂಬರು ಹುಡುಕಲಿಲ್ಲ, ಮೇಲಿನ ಸಾಲಲ್ಲೇ ಇತ್ತು. ಕಿವಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದ. ಎಷ್ಟು ಒತ್ತಿಕೊಂಡರೇನು, ಆ ಕೀಚಲು ದನಿ ಬಾಗಿಲವರೆಗೂ ಕೇಳಿಸಿತು.

"ಅಪ್ಪಾ! ಕಾರು ರಿಪೇರಿ ಆಯ್ತಾ?"

ಜಿರ್ಗಾಲ್‌ಬೆಕ್ ಫೋನಿನ ದನಿ ತಗ್ಗಿಸಲು ಗುಂಡಿ ತಡಕಾಡಿದ.

"ಅಪ್ಪಾ, ಕೇಳಿಸ್ತಿದೆಯಾ? ನನ್ನ ಸೀಟನ್ನ ಅಮ್ಮ ಬಾಗಿಲ ಹತ್ರಾನೇ ಇಟ್ಟಿದಾಳೆ. ನೀನು ಬಂದ ತಕ್ಷಣ ಹಾಕೋಕೆ. ನಾಳೆ ಬರ್ತೀಯಾ?"

ಒಬ್ಬಳು ಇದ್ಲು ಅಂದಿದ್ದನಲ್ಲ ಬೋಳೀಮಗ. ಅವಳು ಇದ್ದಾಳೆ. ಕಾರು ರಿಪೇರಿಗೆ ಹೋಗಿದೆ ಅಂದುಕೊಂಡು ಕಾಯುತ್ತಿದ್ದಾಳೆ. ಟೈರಿಗೆ ರಕ್ತ ಸವರಿಸಿಕೊಂಡು, ರಿಬ್ಬನ್ನು ಕಟ್ಟಿಸಿಕೊಂಡು ಅದು ನಮ್ಮ ಅಂಗಳದಲ್ಲಿ ನಿಂತಿದೆ. ನನ್ನ ಕಂದು ಕವರುಗಳಲ್ಲಿ ಒಂದನ್ನು ಆ ಗುಳಿಗಳ ಮೇಲೆ ಆಗಲೇ ಎಳೆದಿದ್ದೆ. ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಅಲ್ಮಾಷ್ ಹೋಗಿ ಅವನ ಕೈಯಿಂದ ಫೋನು ತೆಗೆದುಕೊಂಡಳು. ಅವನು ಬಿಟ್ಟುಕೊಟ್ಟ.

"ಹಲೋ ಪುಟ್ಟಿ," ಅಂದಳು. ಆಸ್ಪತ್ರೆಯಲ್ಲಿ ಸೂಜಿ ಹಿಂದೆ ಬಚ್ಚಿಟ್ಟುಕೊಂಡು ಮಾತಾಡುವಾಗಿನ ಮೆತ್ತನೆಯ ದನಿ. "ನಿನ್ನ ಹುಟ್ಟಿದ ದಿನ ಯಾವತ್ತು?"

"ಡಿಸೆಂಬರ್ ಆರು! ನಂಗೆ ಐದಾಗತ್ತೆ! ಅಪ್ಪ ಕಾರಲ್ಲಿ ಮಂಗಗಳನ್ನ ತೋರಿಸೋಕೆ ಕರ್ಕೊಂಡು ಹೋಗ್ತಾನೆ. ನೀನ್ಯಾರು?"

ಅಲ್ಮಾಷ್ ಕಣ್ಣು ಮುಚ್ಚಿ ತೆಗೆದಳು.

"ನಾನು ಯಾರೂ ಅಲ್ಲ ಮರಿ. ಅಮ್ಮಂಗೆ ಫೋನ್ ಕೊಡು."

ಅತ್ತ ಕಡೆ ಪಾತ್ರೆಯ ಸದ್ದು, ನಲ್ಲಿ ನಿಲ್ಲಿಸಿದ ಸದ್ದು, ಆಮೇಲೆ ಒಬ್ಬ ಹೆಂಗಸಿನ ದಣಿದ "ಹಲೋ?" ಕೇಳಿಸಿತು. ಅಲ್ಮಾಷ್ ಫೋನನ್ನು ಕಿವಿಗಿಟ್ಟುಕೊಂಡೇ ಅಂಗಳಕ್ಕೆ ನಡೆದಳು. ಜಿರ್ಗಾಲ್‌ಬೆಕ್ ಧಡಕ್ಕನೆ ಎದ್ದು ಹಿಂದೆ ಹೊರಟ. ನಾನು ಬಾಗಿಲಿಗೆ ಅಡ್ಡ ನಿಂತೆ. ಕವರು ಎಳೆದು ಎಳೆದು ಗಟ್ಟಿಯಾದ ತೋಳು ನನ್ನದು, ಅವನು ಒಮ್ಮೆ ನೋಡಿ ಅಲ್ಲೇ ನಿಂತ.

ಮುಲ್ಲಾ ಎರಡೂ ಅಂಗೈ ಎತ್ತಿ, ಮುಖದ ಮೇಲಿಂದ ಇಳಿಸಿ, "ಓಮಿನ್" ಅಂದ. ಹಾಗಂದ ಮೇಲೆ ಊಟ ಮುಗಿದ ಹಾಗೆ. ಯಾರೇ ಆಗಲಿ, ತಟ್ಟೆಯಲ್ಲಿ ಏನೇ ಇರಲಿ, ಏಳಲೇಬೇಕು. ಕೈಗಳೆಲ್ಲ ತಾವಾಗಿಯೇ ಮುಖಕ್ಕೆ ಹೋದವು, ಮಾವನವೂ ಸಹ.

"ತಾಳಿ ತಾಳಿ," ಅಂದ ಒಮುರ್‌ಕುಲ್, ಬಾಯಲ್ಲಿ ತುತ್ತು ಇಟ್ಟುಕೊಂಡೇ. "ನಿಕಾ ಇನ್ನೂ ಆಗಿಲ್ಲವಲ್ಲ!"

"ಆಗಿದೆ," ಅಂದ ಮುಲ್ಲಾ ತನ್ನ ಟೋಪಿ ಸರಿಮಾಡಿಕೊಳ್ಳುತ್ತ. "ಮಾಸ್ಕೋದಲ್ಲಿ."

ಅವರೆಲ್ಲ ಎದ್ದು ಚಪ್ಪಲಿ ಹುಡುಕುತ್ತಿದ್ದರು. ಮಾವ ಮಾತ್ರ ಗೋಡೆ ಹಿಡಿದು ನಿಂತು, ಯಾರಿಗೂ ಅಲ್ಲ ಎನ್ನುವ ಹಾಗೆ, "ಮತ್ತೆ ಆ ಕುದುರೆ?" ಅಂತ ಕೇಳಿದ. ಅಂಗಳದಲ್ಲಿ ಅಲ್ಮಾಷ್ ಕಾರಿಗೆ ಬೆನ್ನು ಕೊಟ್ಟು ನಿಂತು ಇನ್ನೂ ಕೇಳಿಸಿಕೊಳ್ಳುತ್ತಿದ್ದಳು. ಆಗಾಗ "ಹೂಂ ಅಕ್ಕ, ಹೂಂ" ಅನ್ನುತ್ತಿದ್ದಳು.